ಎಫ್‌ಎಫ್‌ಎಂಪೆಗ್ ಜೊತೆ ಐದು ವರ್ಷ: ವಿಡಿಯೊ ಸಿಕ್ಕಿತು, ಎಡಿಟಿಂಗ್ ಸಿಗಲಿಲ್ಲ

ಎಫ್‌ಎಫ್‌ಎಂಪೆಗ್ ಅಂದರೆ ವಿಡಿಯೊ ಫೈಲ್‌ಗಳನ್ನು ಓದಿ ಬೇರೆ ರೂಪಕ್ಕೆ ಪರಿವರ್ತಿಸುವ ಉಚಿತ ಸಾಧನ. ಮೊದಲೇ ಹೇಳಿಬಿಡುತ್ತೇನೆ, ಇದು ಎಡಿಟಿಂಗ್ ಸಾಫ್ಟ್‌ವೇರ್ ಅಲ್ಲ. ಒತ್ತಲು ಬಟನ್ ಇಲ್ಲ, ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಇಲ್ಲ. ಕಪ್ಪು ಪರದೆ ಮೇಲೆ ಕಮಾಂಡ್ ಟೈಪ್ ಮಾಡಬೇಕು, ಅಷ್ಟೇ. ಮೊದಲ ವಾರ ನಾನು ಎರಡು ಸಲ ಬಿಟ್ಟು ಎದ್ದಿದ್ದೆ. ಆದರೂ ಐದು ವರ್ಷದಿಂದ ಮನೆಯ ಹಳೇ ವಿಡಿಯೊಗಳ ಕೆಲಸಕ್ಕೆ ಇದನ್ನೇ ಹಿಡಿದುಕೊಂಡಿದ್ದೇನೆ. ಉಚಿತ ಅನ್ನುವುದು ಒಂದು ಕಾರಣ, ಅದೊಂದೇ ಅಲ್ಲ.

ಮಗಳು ಚಿಕ್ಕವಳಿದ್ದಾಗ ಮಿನಿ ಡಿವಿ (ಚಿಕ್ಕ ಡಿಜಿಟಲ್ ಟೇಪಿನ) ಕ್ಯಾಮೆರಾದಲ್ಲಿ ಹನ್ನೊಂದು ಟೇಪ್ ತುಂಬಿಸಿದ್ದೆ. ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಆಗ ದುಡ್ಡು ಕೊಟ್ಟು ತಂದಿದ್ದ ಒಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ರಾತ್ರಿಯೆಲ್ಲ ಕೂತು ಜೋಡಿಸಿದ್ದೆ. ಆಮೇಲೆ ಕಂಪ್ಯೂಟರ್ ಬದಲಾಯಿತು. ಹೊಸದರಲ್ಲಿ ಸಾಫ್ಟ್‌ವೇರ್ ಕೂತಿತು, ಆದರೆ ಲೈಸೆನ್ಸ್ ಕೀ ಹಾಕಿದರೆ ಒಪ್ಪಲಿಲ್ಲ. ಆ ಕೀ ಪರೀಕ್ಷಿಸುವ ಸರ್ವರನ್ನೇ ಕಂಪನಿಯವರು ಎಂದೋ ಮುಚ್ಚಿದ್ದರು. ಇರಲಿ ಅಂತ ಪ್ರಾಜೆಕ್ಟ್ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಲು ಹೋದೆ. ಒಂದು ಗಂಟೆಯ ಸಿನಿಮಾಕ್ಕೆ ಬರೀ 200 ಕೆಬಿ! ಆಗ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೊ ಇರುವುದೇ ಇಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿ ಕತ್ತರಿಸಬೇಕು ಅನ್ನುವ ಚೀಟಿ ಅದು.

ಪುಣ್ಯಕ್ಕೆ ಟೇಪಿಂದ ಇಳಿಸಿದ ಮೂಲ ವಿಡಿಯೊಗಳ ಎವಿಐ ಫೈಲ್‌ಗಳು ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಇದ್ದವು. ಡಿವಿ ಅಂದರೆ ಗಂಟೆಗೆ ಸುಮಾರು 13 ಜಿಬಿ, ಹಾಗಾಗಿ ಆಗ ಬೈದುಕೊಂಡೇ ಇಟ್ಟಿದ್ದೆ. ಅವುಗಳಲ್ಲಿ ಕೆಲವು ಹೊಸ ಪ್ಲೇಯರ್‌ನಲ್ಲಿ ಚಿತ್ರ ತೋರಿಸಿ ಬಾಯಿ ಮುಚ್ಚಿಕೊಂಡಿದ್ದವು. ಡಿವಿ ಎವಿಐನಲ್ಲಿ ಎರಡು ಬಗೆ ಇದೆ. ಟೈಪ್ 1ರಲ್ಲಿ ಧ್ವನಿ ಚಿತ್ರದ ಜೊತೆಗೇ ಹೆಣೆದುಕೊಂಡಿರುತ್ತದೆ, ಟೈಪ್ 2ರಲ್ಲಿ ಬೇರೆಯಾಗಿ ಇರುತ್ತದೆ. ಬಾಯಿ ಮುಚ್ಚಿಕೊಂಡವು ಟೈಪ್ 1. ಎಫ್‌ಎಫ್‌ಎಂಪೆಗ್ ಎರಡನ್ನೂ ತಕರಾರಿಲ್ಲದೆ ಓದಿತು. ವಿಎಚ್‌ಎಸ್‌ನಿಂದ ಇಳಿಸಿದ್ದ ಇಂಡಿಯೊ, ಸಿನೆಪ್ಯಾಕ್ ಕೋಡೆಕ್‌ನ (ವಿಡಿಯೊ ಕುಗ್ಗಿಸಿಡುವ ವಿಧಾನದ) ಹಳೇ ತುಣುಕುಗಳೂ ತೆರೆದುಕೊಂಡವು. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ ಯೋಜನೆ ಇದು. ವಿಎಲ್‌ಸಿ ಪ್ಲೇಯರ್ ಬಳಸಿದ್ದೀರಾ? ಹಾಗಾದರೆ ಇದರ ಡಿಕೋಡರ್‌ಗಳನ್ನು, ಅಂದರೆ ಕುಗ್ಗಿಸಿದ ವಿಡಿಯೊ ಬಿಡಿಸಿ ಓದುವ ಭಾಗಗಳನ್ನು, ಗೊತ್ತಿಲ್ಲದೆಯೇ ಬಳಸಿದ್ದೀರಿ.

ಈಗ ನಾನು ಮಾಡಿದ ತಪ್ಪು. ಮೊದಲ ವರ್ಷ ಎಲ್ಲವನ್ನೂ ಎಂಪಿ4 ಮಾಡಿ ಬೀಗಿದೆ. ಮಗಳು ಉಯ್ಯಾಲೆ ಆಡುವ ದೃಶ್ಯ ಹಾಕಿ ನೋಡಿದರೆ ಕಾಲಿನ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಗೆರೆ. ಡಿವಿ ಇಂಟರ್‌ಲೇಸ್ ಆಗಿರುತ್ತದೆ. ನನ್ನ ಪಾಲ್ (ನಮ್ಮ ಹಳೇ ಟಿವಿ ಪದ್ಧತಿಯ) ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಅಂದರೂ, ನಿಜವಾಗಿ ಹಿಡಿದದ್ದು 50 ಅರ್ಧ ಚಿತ್ರಗಳನ್ನು: ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಇನ್ನೊಂದು ಕ್ಷಣದ್ದು. ಈ ಗೆರೆ ತೆಗೆಯುವ ಯಾಡಿಫ್ ಅನ್ನುವ ಫಿಲ್ಟರ್ ಹಾಕಿದೆ, ಗೆರೆ ಹೋಯಿತು. ಆದರೆ ಉಯ್ಯಾಲೆ ಕುಂಟತೊಡಗಿತು! ಏನೂ ಹೇಳದೆ ಬಿಟ್ಟರೆ ಯಾಡಿಫ್ ಎರಡು ಅರ್ಧ ಚಿತ್ರಕ್ಕೆ ಒಂದೇ ಫ್ರೇಮ್ ಕೊಡುತ್ತದೆ, ಚಲನೆಯಲ್ಲಿ ಅರ್ಧ ಮಾಯ. ಮೋಡ್ 1 ಅಂತ ಹೇಳಿದರೆ ಮಾತ್ರ 50 ಫ್ರೇಮ್. ಬಿಡಬ್ಲ್ಯುಡಿಫ್ ಫಿಲ್ಟರ್ ಹೇಳದೆಯೇ 50 ಕೊಡುತ್ತದೆ, ಈಗ ನಾನು ಬಳಸುವುದು ಅದನ್ನೇ. ಉಯ್ಯಾಲೆ ಈಗ ಹಿಂದಕ್ಕೆ ಹೋಗಿ ಒಂದು ಕ್ಷಣ ನಿಂತು ಮುಂದಕ್ಕೆ ಬರುವುದು ಟೇಪಿನಲ್ಲಿ ಇದ್ದ ಹಾಗೇ ಕಾಣುತ್ತದೆ.

ಮುಖಗಳೂ ಸ್ವಲ್ಪ ಸಣಕಲಾಗಿದ್ದವು. ಪಾಲ್ ಡಿವಿಯ ಪಿಕ್ಸೆಲ್ ಚೌಕವಲ್ಲ. 720 ಪಿಕ್ಸೆಲ್ ಅಗಲದ ಚಿತ್ರವನ್ನು 768ಕ್ಕೆ ಹಿಗ್ಗಿಸಿದರೆ ಸರಿಹೋಗುತ್ತದೆ. ಇದಕ್ಕೆಲ್ಲ ಮತ್ತೆ ಪರಿವರ್ತಿಸಬೇಕಾಯಿತು. ಮೂಲ ಫೈಲ್ ಅಳಿಸಿದ್ದರೆ ಕಥೆ ಮುಗಿಯುತ್ತಿತ್ತು ಅಲ್ವಾ? ಒಂದು ಹಾರ್ಡ್ ಡಿಸ್ಕ್‌ನ ಜಾಗ ಉಳಿಸಲು ಹೊರಟಿದ್ದೆ, ಸೋಮಾರಿತನ ಕಾಪಾಡಿತು.

ಜೋಡಣೆಯ ವಿಷಯಕ್ಕೆ ಬಂದರೆ ಎಫ್‌ಎಫ್‌ಎಂಪೆಗ್ ಕೈಚೆಲ್ಲುತ್ತದೆ. ನನ್ನ ಹಳೇ ಪ್ರಾಜೆಕ್ಟ್ ಅದಕ್ಕೆ ಅರ್ಥವಾಗುವುದಿಲ್ಲ, ಆಗಬೇಕು ಅಂತ ಕೇಳುವುದೂ ತಪ್ಪು. ಇಲ್ಲಿ ಕೈಹಿಡಿದದ್ದು ಮೀಡಿಯಾಇನ್ಫೊ ಎಂಬ ಇನ್ನೊಂದು ಉಚಿತ ಸಾಧನ, ಫೈಲ್ ಒಳಗಿನ ವಿವರ ತೋರಿಸುವಂಥದ್ದು. ಡಿವಿ ಕ್ಯಾಮೆರಾ ಶೂಟ್ ಮಾಡಿದ ದಿನ, ಸಮಯವನ್ನು ಚಿತ್ರದ ಜೊತೆಗೇ ಕಾಣದಂತೆ ಬರೆದಿಡುತ್ತದೆ. ಎಂಪಿ4 ಮಾಡಿದಾಗ ನನ್ನ ಫೈಲ್‌ಗಳಲ್ಲಿ ಅದು ಉಳಿಯಲಿಲ್ಲ, ಮೂಲದಲ್ಲಿ ಇತ್ತು. ನೂರಾರು ಕ್ಲಿಪ್‌ಗಳನ್ನು ಆ ಸಮಯದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಅದರಲ್ಲಿ ಒಂದು ಪೂರ್ತಿ ಕಪ್ಪು. ಅಪ್ಪನ ದನಿ ಮಾತ್ರ ಕೇಳುತ್ತದೆ: "ಮುಚ್ಚಳ ತೆಗೆದಿದ್ದೀಯೇನೋ?" ಎಡಿಟ್ ಮಾಡುವಾಗ ಇದನ್ನು ಕತ್ತರಿಸಿ ಬಿಸಾಕಿದ್ದೆ.

ಪ್ರಾಜೆಕ್ಟ್ ಫೈಲನ್ನೂ ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಕಸದ ನಡುವೆ ಕ್ಲಿಪ್‌ಗಳ ಹೆಸರು ಓದಲು ಬಂತು. ನಾನು ಹಾಕಿದ್ದ ಕನ್ನಡ ಟೈಟಲ್‌ಗಳು ಮಾತ್ರ ಕೊಂಬು ಬಾಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಆಗ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆನಲ್ಲ, ಅದಕ್ಕೆ. ಆನ್‌ಲೈನ್ ಪರಿವರ್ತಕಕ್ಕೆ ಹಾಕಿದರೆ ಒಂದೊಂದಾಗಿ ಕನ್ನಡಕ್ಕೆ ತಿರುಗಿದವು.

ರೇಟಿಂಗ್ ಐದಕ್ಕೆ ನಾಲ್ಕು. ಕಮಾಂಡ್ ಅಂದರೆ ಅಲರ್ಜಿ ಇರುವವರು ಹ್ಯಾಂಡ್‌ಬ್ರೇಕ್ ನೋಡಬಹುದು, ಬಟನ್ ಇದೆ, ಒಳಗೆ ಇದೇ ಡಿಕೋಡರ್‌ಗಳು. ಕೊನೆಗೆ ಸಿಕ್ಕ ಟೈಟಲ್ "ಉಯ್ಯಾಲೆ, ಭಾಗ 2". ಭಾಗ 1 ಯಾವ ಡಿಸ್ಕ್‌ನಲ್ಲಿ ಇದೆಯೋ, ಇನ್ನೂ ಹುಡುಕುತ್ತಿದ್ದೇನೆ.