ಮಣಿಯ ಪೊಟ್ಟಣದಿಂದ ಡೈ ಕಟಿಂಗ್ ಯಂತ್ರದವರೆಗೆ: ಎಂಟು ತಿಂಗಳ ಬಳಕೆಯ ನಂತರ

ಮೊಮ್ಮಗಳ ನಾಮಕರಣಕ್ಕೆ 120 ತಾಂಬೂಲದ ಚೀಲಗಳನ್ನು ಮನೆಯಲ್ಲಿಯೇ ಸಿಂಗರಿಸುತ್ತೇನೆಂದು ಒಪ್ಪಿಕೊಂಡಾಗ ನನ್ನ ಬಳಿ ಇದ್ದದ್ದು ಒಂದು ಕತ್ತರಿ, ಅರ್ಧ ಡಬ್ಬಿ ಫೆವಿಕಾಲ್ ಮತ್ತು ಹಳೆಯ ಲಗ್ನಪತ್ರಿಕೆಗಳ ದೊಡ್ಡದೊಂದು ಕಟ್ಟು. ಒಂದೇ ಒಂದು ಆನೆಯ ಆಕಾರವನ್ನು ಕತ್ತರಿಯಿಂದ ಬಿಡಿಸುವುದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಸೊಂಡಿಲಿನ ತಿರುವಿನಲ್ಲಿ ಕಾಗದ ಹರಿಯಿತು. ಮರುದಿನವೇ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ಮಾಮೂಲ್‌ಪೇಟೆಯ ಗಲ್ಲಿಗಳನ್ನು ಸುತ್ತಿ, ಮಣಿ, ಸುರುಳಿ ಸುತ್ತುವ ಕಾಗದದ ಕ್ವಿಲಿಂಗ್ ಪಟ್ಟಿ ಹಾಗೂ ಅಚ್ಚನ್ನೊತ್ತಿ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ, ಕೈಯಿಂದ ತಿರುಗಿಸುವ ಒಂದು ಡೈ ಕಟಿಂಗ್ ಯಂತ್ರವನ್ನು ತಂದೆ. ಎಂಟು ತಿಂಗಳ ಬಳಕೆಯ ನಂತರ ಈ ಮೂರರ ಬಗ್ಗೆ ನನಗನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಣಿಯನ್ನು ಕೊಳ್ಳುವವರು ಮೊದಲು ನಂಬರಿನ ಲೆಕ್ಕವನ್ನು ತಿಳಿದಿರಬೇಕು. ನಂಬರು ದೊಡ್ಡದಾದಷ್ಟೂ ಮಣಿ ಚಿಕ್ಕದು: 8ನೇ ನಂಬರಿನದು ಸುಮಾರು 3 ಮಿ.ಮೀ. ಇದ್ದರೆ 11ನೇ ನಂಬರಿನದು ಸುಮಾರು 2 ಮಿ.ಮೀ. ಇರುತ್ತದೆ. ತೂಕದ ಮೇಲೆ ಮಾರುವ ಅಗ್ಗದ ಗಾಜಿನ ಮಣಿಗಳಲ್ಲಿ ಒಂದು ದಪ್ಪ, ಒಂದು ಚಪ್ಪಟೆ, ಇನ್ನೊಂದರ ತೂತೇ ಮುಚ್ಚಿರುತ್ತದೆ. ಬಾಗಿಲಿನ ತೋರಣಕ್ಕೆ ಈ ಏರುಪೇರು ಏನೂ ತೊಂದರೆ ಮಾಡುವುದಿಲ್ಲ, ಜೋತಾಡುವ ಸಾಲಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಆದರೆ ಇಟ್ಟಿಗೆಯ ಗೋಡೆಯಂತೆ ಒಂದರ ಪಕ್ಕಕ್ಕೊಂದು ಕೂರಿಸಿ ಚಪ್ಪಟೆಯಾದ ಚಿತ್ತಾರ ಹೆಣೆಯುವಾಗ ದಪ್ಪ ಮಣಿಯೊಂದು ನುಸುಳಿದರೂ ಇಡೀ ಸಾಲು ಸೊಟ್ಟಗಾಗುತ್ತದೆ. ಅಂಥ ಕೆಲಸಕ್ಕೆ ಮಿಯುಕಿ ಅಥವಾ ಟೊಹೊ ಹೆಸರಿನ ಜಪಾನಿನ ಮಣಿಗಳೇ ಸರಿ. ಬೆಲೆ ಹಲವು ಪಟ್ಟು ಹೆಚ್ಚಾದರೂ ಆರಿಸಿ ಬದಿಗಿಡುವ ತಾಪತ್ರಯವಿರುವುದಿಲ್ಲ.

ಬಣ್ಣದ ವಿಷಯದಲ್ಲಿ ನಾನು ಮೋಸಹೋದೆ. ಅಂಗಡಿಯಲ್ಲಿ ಥಳಥಳಿಸುತ್ತಿದ್ದ ಗುಲಾಬಿ ಮಣಿಗಳನ್ನು ಆರತಿ ತಟ್ಟೆಯ ಅಂಚಿಗೆ ಕಟ್ಟಿದ್ದೆ. ಆರತಿಯ ಕೆಂಪು ನೀರು ತುಳುಕಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದೆನಷ್ಟೆ, ಎರಡು ಸಾಲು ಬಿಳುಚಿಕೊಂಡವು. ಗಾಜಿನೊಳಗೇ ಬಣ್ಣವಿರುವ ಮಣಿ ಬೇರೆ, ಮೇಲೆ ಬಣ್ಣ ಬಳಿದ ಮಣಿ ಬೇರೆ. ಈಗ ಯಾವುದೇ ಹೊಸ ಪೊಟ್ಟಣದಿಂದ ನಾಲ್ಕು ಮಣಿಗಳನ್ನು ತೆಗೆದು, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ತಿಕ್ಕಿ ನೋಡಿದ ಮೇಲೆಯೇ ಪೋಣಿಸಲು ಕೂರುತ್ತೇನೆ. ನಮ್ಮ ಅಜ್ಜಿಯ ಮನೆಯ ನಡುಮನೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಮಣಿಯಲ್ಲಿ ಮಾಡಿದ ಬಾಲಕೃಷ್ಣನಿದ್ದ. ಅವನ ನೀಲಿ ಕೊನೆಯವರೆಗೂ ಮಾಸಿರಲಿಲ್ಲ. ಅದರ ಗುಟ್ಟು ಈಗ ತಿಳಿಯಿತು.

ಕ್ವಿಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದದ ಪಟ್ಟಿಗಳನ್ನು ಸೀಳುತುದಿಯ ಕಡ್ಡಿಗೆ ಸುತ್ತಿ ಸುರುಳಿ ಮಾಡುವ ಈ ಕೆಲಸ ಅಗ್ಗದ್ದು, ಮಕ್ಕಳಿಗೂ ಬರುತ್ತದೆ. ಆದರೆ ಬೆಂಗಳೂರಿನ ಮಳೆಗಾಲದ ಥಂಡಿಗೆ ನನ್ನ ಸುರುಳಿಗಳೆಲ್ಲ ಜೋಲು ಬಿದ್ದವು.

ಡೈ ಕಟಿಂಗ್ ಯಂತ್ರವನ್ನು ಕಬ್ಬಿನ ರಸದ ಗಾಣಕ್ಕೆ ಹೋಲಿಸಬಹುದು. ಎರಡು ರೋಲರುಗಳು, ಪಕ್ಕದಲ್ಲೊಂದು ಹಿಡಿ, ನಡುವೆ ಕಬ್ಬಿನ ಬದಲು ಪ್ಲಾಸ್ಟಿಕ್ ಹಲಗೆಗಳ ಒಂದು ಅಡುಕು. ಕೆಳಗಿನ ಹಲಗೆಯ ಮೇಲೆ ಕಾಗದ, ಅದರ ಮೇಲೆ ಅಲುಗು ಕೆಳಮುಖವಾಗಿರುವಂತೆ ತೆಳು ಉಕ್ಕಿನ ಅಚ್ಚು, ಅದರ ಮೇಲೆ ಮತ್ತೊಂದು ಹಲಗೆ. ಹಿಡಿ ತಿರುಗಿಸಿದರೆ ರೋಲರಿನ ಒತ್ತಡಕ್ಕೆ ಅಲುಗು ಕಾಗದವನ್ನು ಕೊರೆದು ಈಚೆ ಬರುತ್ತದೆ. ನನ್ನದು 6 ಅಂಗುಲ ಬಾಯಿಯ, ಹೇಳಿಕೊಳ್ಳುವಂಥ ಬ್ರಾಂಡಿಲ್ಲದ ಯಂತ್ರ. ಒಂದು ಆನೆಗೆ ಅರ್ಧ ನಿಮಿಷದಂತೆ, ಜೋಡಿಸುವುದು ಬಿಡಿಸುವುದು ಸೇರಿ, ಎರಡು ಸಂಜೆಯಲ್ಲಿ 120 ಆನೆಗಳು ಸಿದ್ಧವಾದವು. ಸೊಂಡಿಲು ಒಂದರದೂ ಹರಿಯಲಿಲ್ಲ.

ಆದರೆ ಹಿಡಿ ತಿರುಗಿಸಿದ ಮಾತ್ರಕ್ಕೆ ಕೆಲಸ ಆಗುತ್ತದೆಂದುಕೊಳ್ಳಬೇಡಿ. ಅಚ್ಚನ್ನು ರೋಲರಿಗೆ ನೇರವಾಗಿಟ್ಟರೆ ಉದ್ದನೆಯ ಅಂಚು ಒಮ್ಮೆಗೇ ಸಿಕ್ಕಿಕೊಂಡು ಹಿಡಿ ಬಿಗಿಯುತ್ತದೆ. ಸ್ವಲ್ಪ ಓರೆಯಾಗಿಟ್ಟರೆ ಸಲೀಸಾಗಿ ಸಾಗುತ್ತದೆ. ಸಣ್ಣ ಜಾಲರಿಯಂಥ ಕುಸುರಿಯ ಅಚ್ಚಿನಿಂದ ಕಾಗದ ಬಿಡದಿದ್ದರೆ ನಡುವೆ ಅಡುಗೆಮನೆಯ ಬಟರ್ ಪೇಪರಿನ ಒಂದು ತುಂಡನ್ನು ಇಡಬೇಕು. ಲಗ್ನಪತ್ರಿಕೆಯ ಗಟ್ಟಿ ಕಾಗದ ಚೆನ್ನಾಗಿ ಕತ್ತರಿಸುತ್ತದೆ, ಪ್ಲಾಸ್ಟಿಕ್ ಹೊದಿಕೆಯಿರುವುದು ಅಂಚಿನಲ್ಲಿ ಎದ್ದು ಬರುತ್ತದೆ, ನಾರಿನ ಕೈಕಾಗದದ ತುದಿಯಲ್ಲಿ ಮೀಸೆಯಂತೆ ಎಳೆಗಳು ಉಳಿಯುತ್ತವೆ. ಕಾಗದ ಕತ್ತರಿಸಿ ಚಿತ್ತಾರ ಮಾಡುವ ಮಥುರಾ, ವೃಂದಾವನದ ಸಾಂಝಿ ಕಲಾವಿದರು ಇದಕ್ಕಿಂತ ಎಷ್ಟೋ ಸೂಕ್ಷ್ಮವಾದ ಜಾಲಂಧ್ರಗಳನ್ನು ಬರೀ ಕತ್ತರಿಯಿಂದ ಕೊರೆಯುತ್ತಾರೆಂಬುದನ್ನು ನೆನೆದಾಗ ನನ್ನ ಎರಡು ಸಂಜೆಯ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಖರ್ಚಿನಲ್ಲಿ ಮಾತ್ರ ಇದು ಮೂಗಿಗಿಂತ ಮೂಗುತಿ ಭಾರವೆನ್ನುವ ಬಾಬತ್ತು. ಒಂದು ಅಚ್ಚಿನಿಂದ ಒಂದೇ ಆಕಾರ ಬರುತ್ತದೆ. ಆನೆಯಾದ ಮೇಲೆ ನವಿಲು, ನವಿಲಾದ ಮೇಲೆ ಮಾವಿನಕಾಯಿಯ ಬುಟ್ಟ ಎಂದು ಕೊಳ್ಳುತ್ತಾ ಹೋಗಿ ಎಂಟು ತಿಂಗಳಲ್ಲಿ ಅಚ್ಚುಗಳ ಮೊತ್ತ ಯಂತ್ರದ ಬೆಲೆಯನ್ನು ದಾಟಿತು. ಅವುಗಳಲ್ಲಿ ಒಂದರ ಅಲುಗು ಒಂದು ಮೂಲೆಯಲ್ಲಿ ಮೊದಲ ದಿನದಿಂದಲೇ ಮೊಂಡಾಗಿತ್ತು. ಆನ್‌ಲೈನ್‌ನಲ್ಲಿ ಮಾರಿದವರು ವಾಪಸು ತೆಗೆದುಕೊಳ್ಳಲು ಒಪ್ಪದೆ, ಕಾಗದವನ್ನು ಎರಡು ಸಲ ಯಂತ್ರಕ್ಕೆ ಕೊಡಿ ಎಂದು ಸಲಹೆ ಕೊಟ್ಟರು. ಎರಡು ಸಲ ಕೊಟ್ಟದ್ದಕ್ಕೆ ಹಲಗೆಯ ಅಂಚು ಬಿರುಕುಬಿಟ್ಟಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಕೊರತೆಯೆನಿಸಿದ್ದು ಅಕ್ಷರಗಳದು. ಇಂಗ್ಲಿಷಿನ ಅಕ್ಷರಮಾಲೆಯ ಅಚ್ಚುಗಳು ಎಲ್ಲೆಡೆ ಸಿಗುತ್ತವೆ; ನಾನು ಹುಡುಕಿದ ಒಂದು ಅಂಗಡಿಯಲ್ಲಿಯೂ ಕನ್ನಡದವು ಸಿಗಲಿಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಎಷ್ಟು ಅಚ್ಚು ಬೇಕಾದಾವೆಂದು ಲೆಕ್ಕ ಹಾಕಿದರೆ ಅವು ಏಕೆ ಸಿಗಲಿಲ್ಲವೆಂಬುದು ಅರ್ಥವಾಗುತ್ತದೆ. ಕಂಪ್ಯೂಟರಿಗೆ ಜೋಡಿಸುವ ಕ್ರಿಕಟ್‌ನಂಥ ವಿದ್ಯುತ್ ಯಂತ್ರಗಳು ಯಾವ ಲಿಪಿಯನ್ನಾದರೂ ಕತ್ತರಿಸುತ್ತವೆ, ಬೆಲೆ ಮಾತ್ರ ನನ್ನ ಯಂತ್ರದ ಹಲವು ಪಟ್ಟು. ಅಲ್ಲಿಯೂ ‘ಠ’ ಅಕ್ಷರದ ನಡುವಿನ ಚುಕ್ಕೆ ಕತ್ತರಿಸಿದೊಡನೆ ಬಿಡಿಯಾಗಿಬಿಡುತ್ತದೆ; ಅದನ್ನು ಚಿಮಟದಿಂದ ಹೆಕ್ಕಿ ಮತ್ತೆ ಅಂಟಿಸಬೇಕು. ಮಗುವಿನ ಹೆಸರನ್ನು ನಾನು ಕೊನೆಗೆ ಮಣಿಯಲ್ಲಿಯೇ ಪೋಣಿಸಿದೆ. ಒತ್ತಕ್ಷರವೂ ಸೊಗಸಾಗಿ ಕೂತಿತು.

ವರ್ಷಕ್ಕೊಮ್ಮೆ ಎಂಟು ಹತ್ತು ಶುಭಾಶಯ ಪತ್ರ ಮಾಡುವವರಿಗೆ ಈ ಯಂತ್ರ ದಂಡ. ಒಂದೇ ಆಕಾರ ನೂರರ ಲೆಕ್ಕದಲ್ಲಿ ಬೇಕಾಗುವವರು ಕೊಳ್ಳಬಹುದು. ಅಂಗಡಿಯಲ್ಲಿ ಹಣ ಕೊಡುವ ಮೊದಲು ಹಲಗೆಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಅವುಗಳ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ, ಏಕೆಂದರೆ ಬೇರೆ ಯಂತ್ರದ ಹಲಗೆ ಕೂದಲೆಳೆಯಷ್ಟು ದಪ್ಪವಾಗಿದ್ದರೂ ರೋಲರಿನೊಳಗೆ ನುಗ್ಗುವುದಿಲ್ಲ, ತೆಳುವಾಗಿದ್ದರೆ ಕಾಗದ ಕತ್ತರಿಸುವುದಿಲ್ಲ. ಬಿರುಕುಬಿಟ್ಟ ನನ್ನ ಹಲಗೆಗೆ ಜೋಡಿ ಹುಡುಕಿಕೊಂಡು ಮೂರು ಸಲ ಪೇಟೆಗೆ ಹೋಗಿ ಬಂದಿದ್ದೇನೆ, ಇನ್ನೂ ಸಿಕ್ಕಿಲ್ಲ.