ಮಂತ್ರಾಲಯದ ಬಳಿಯ ಅರ್ಜಿ ಟೈಪಿಂಗ್ ಅಂಗಡಿ: ಮರಾಠಿ ಶುದ್ಧ, ಸಚಿವರ ಪಟ್ಟಿ ಹಳತು

ಮಂತ್ರಾಲಯ ಎಂದರೆ ಇಲ್ಲಿ ಮುಂಬೈಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ಸಚಿವಾಲಯ. ಮುಂಬೈಯ ನಮ್ಮ ಹೋಟೆಲಿನವರು, ಕನ್ನಡ ಸಂಘದವರು ಆ ಸರ್ಕಾರಕ್ಕೆ ಮನವಿ ಬರೆಸಲು ಹೋಗುವ ಅಂಗಡಿ ಇದು. ಭಾಷೆ ಶುದ್ಧ, ವಿಷಯದ ಸಾಲು ಚುಟುಕು. ಎಡವುವುದು ವಿಳಾಸದಲ್ಲಿ: ಹಳೆಯ ಪಟ್ಟಿ ನೋಡಿ ಸಚಿವರ ಹೆಸರು ಹಾಕುತ್ತಾರೆ.

2024ರ ಡಿಸೆಂಬರ್ 15ರಂದು ನಾಗಪುರದಲ್ಲಿ ಮಹಾರಾಷ್ಟ್ರದ 39 ಮಂದಿ ಸಚಿವರು ಪ್ರಮಾಣವಚನ ಸ್ವೀಕರಿಸಿದರೂ ಖಾತೆ ಹಂಚಿಕೆಯಾದದ್ದು ಡಿಸೆಂಬರ್ 21ರಂದು. ಇಂಥ ನಡುವಿನ ದಿನಗಳಲ್ಲಿ ಇಲಾಖೆಯ ಕಾರ್ಯದರ್ಶಿಗೇ ಬರೆಸಿ. ಖಾತೆ ಅದಲುಬದಲಿಗೆ ಹೊಸ ಪ್ರಮಾಣವಚನವೂ ಬೇಕಿಲ್ಲ: 2025ರ ಜುಲೈ ಕೊನೆಯಲ್ಲಿ ಮಾಣಿಕರಾವ್ ಕೊಕಾಟೆಯವರ ಕೃಷಿ ಖಾತೆ ದತ್ತಾತ್ರೇಯ ಭರಣೆಯವರಿಗೆ ಹೋಯಿತು, ಕೊಕಾಟೆಯವರಿಗೆ ಕ್ರೀಡೆ ಬಂತು. ಹೆಸರು ನಂಬಿ ಬರೆದ ಬೆಳೆವಿಮೆಯ ಅರ್ಜಿ ಕ್ರೀಡಾ ಸಚಿವರ ಮೇಜು ಸೇರೀತು!

ಆದ್ದರಿಂದ ‘ಮಾನ್ಯ ಕೃಷಿ ಸಚಿವರು’ ಎಂದು ಹುದ್ದೆಯನ್ನಷ್ಟೇ ಹಾಕಿಸಿ. ಮೂರು ಪ್ರತಿ ತೆಗೆಸಿ: ಒಂದು ಸಚಿವರ ಕಚೇರಿಗೆ, ಒಂದು ಕಾರ್ಯದರ್ಶಿಗೆ. ಉಳಿದದ್ದರ ಮೇಲೆ ಸ್ವೀಕೃತಿಯ ಮೊಹರು, ಸಂಖ್ಯೆ, ತಾರೀಕು ಹಾಕಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಸಚಿವರು ಹೋದರೆ ಅವರ ಆಪ್ತ ಸಿಬ್ಬಂದಿಯೂ ಚದುರುತ್ತಾರೆ. ಕಡತ ಉಳಿಯುವುದು ಇಲಾಖೆಯಲ್ಲಿ. ಕಾರ್ಯದರ್ಶಿಯ ಪ್ರತಿಯ ಮಾತು ಅಂಗಡಿಯವರು ತಾವಾಗಿ ಎತ್ತುವುದಿಲ್ಲ, ನೀವೇ ಕೇಳಬೇಕು. ಅಂಗಡಿಗೆ ನನ್ನ ಅಂಕ ಐದಕ್ಕೆ ಮೂರು.