ದಣಿವಿಗೆ ಔಷಧಿ, ಔಷಧಿಗೆ ವಿಮೆ: ಕಲಬುರಗಿಯಿಂದ ನನ್ನ ಅನುಭವ

ನಮ್ಮದು 5 ಲಕ್ಷದ ಫ್ಯಾಮಿಲಿ ಫ್ಲೋಟರ್ ಪಾಲಿಸಿ, ಅಂದರೆ ಮನೆಯವರೆಲ್ಲರಿಗೂ ಸೇರಿ ಒಂದೇ ಆರೋಗ್ಯ ವಿಮೆ. 2019ರಲ್ಲಿ ತಗೊಂಡದ್ದು. 2022ರ ಜೂನ್‌ನಲ್ಲಿ ಅದಕ್ಕೆ ಒಪಿಡಿ ರೈಡರ್ ಸೇರಿಸಿದೆ, ಅಂದರೆ ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆಯ ಖರ್ಚಿಗೆ ಹೆಚ್ಚುವರಿ ವಿಮೆ. ಈಗ ನಾಲ್ಕನೇ ವರ್ಷ ನಡೀತಿದೆ. ಕಂಪನಿ ಹೆಸರು ಬರೆಯುವುದಿಲ್ಲ. ನನಗಾದದ್ದು ಯಾವ ಕಂಪನಿಯಲ್ಲೂ ಆಗಬಹುದು. ಸುಸ್ತಿನ ಕಾಯಿಲೆಗೆ ದಿನಾ ಮಾತ್ರೆ ನುಂಗುವವರಿಗೆ ಇದು ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

2021ರ ಏಪ್ರಿಲ್‌ನಲ್ಲಿ ನನಗೆ ಕೋವಿಡ್ ಬಂತು. ಜ್ವರ ಎಂಟು ದಿನಕ್ಕೆ ಹೋಯಿತು, ಸುಸ್ತು ಹೋಗಲಿಲ್ಲ. ನಮ್ಮ ಕಡೆ ಇದಕ್ಕೆ ನಿತ್ರಾಣ ಅಂತಾರೆ. ಆದರೆ ಇದು ಉಂಡು ಮಲಗಿದರೆ ಹೋಗುವ ನಿತ್ರಾಣ ಅಲ್ಲ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸೋತು ಹಿಟ್ಟಿನ ಮೇಲೇ ನಿಂತುಬಿಡುತ್ತಿತ್ತು. ಮರುವರ್ಷ ಶರಣಬಸವೇಶ್ವರ ಜಾತ್ರೆಗೆ ಹೋಗಿ ಒಂದು ತಾಸು ನಿಂತು ಬಂದೆ. ಅವತ್ತು ಏನೂ ಆಗಲಿಲ್ಲ. ಮರುದಿನದಿಂದ ಮೂರು ದಿನ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ. ಹೀಗೆ ಶ್ರಮ ಆದಮೇಲೆ ತಡವಾಗಿ ಕುಸಿಯುವುದೇ ಈ ಕಾಯಿಲೆಯ ಮುಖ್ಯ ಗುರುತು ಅಂತ ಹೈದರಾಬಾದಿನ ಡಾಕ್ಟರು ಹೇಳಿದರು. ಆರು ತಿಂಗಳು ಮೀರಿದ ಸುಸ್ತು, ನಿದ್ದೆ ಮಾಡಿದರೂ ಹೋಗದ ಆಯಾಸ, ನಿಂತರೆ ತಲೆ ಸುತ್ತು. ಎಲ್ಲ ನೋಡಿ ಅವರು ಚೀಟಿಯ ಮೇಲೆ ಎಂಇ ಸಿಎಫ್‌ಎಸ್ ಅಂತ ಬರೆದರು, ಅಂದರೆ ದೀರ್ಘಕಾಲದ ದಣಿವಿನ ಕಾಯಿಲೆ. ಅಲ್ಲಿತನಕ ಎಲ್ಲರೂ 'ಟೆನ್ಷನ್ ಕಡಿಮೆ ಮಾಡ್ಕೊಳ್ಳಿ' ಅಂದವರೇ. ಆ ಚೀಟಿ ಹಿಡಿದುಕೊಂಡು ರೈಲಿನಲ್ಲಿ ವಾಪಸ್ ಬರುವಾಗ ಅತ್ತುಬಿಟ್ಟೆ. ಕಾಯಿಲೆಗೆ ಒಂದು ಹೆಸರಾದರೂ ಸಿಕ್ಕಿತಲ್ಲ ಅಂತ.

ಹೈದರಾಬಾದಿಗೆ ಹೋಗುವ ತಿಂಗಳ ಮುಂಚೆ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ತಲೆ ಸುತ್ತಿ ಬಿದ್ದಿದ್ದೆ. ಇಲ್ಲೇ ಒಂದು ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದೆ. ಬಿಲ್ಲು 28,000. ಕ್ಲೇಮ್ ತಿರಸ್ಕಾರ ಆಯಿತು. ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲೇ 'ತಪಾಸಣೆಗಾಗಿ ದಾಖಲು' ಅಂತ ಬರೆದಿದ್ದರು. ಬರೀ ತಪಾಸಣೆಗೆ ಅಡ್ಮಿಟ್ ಆದರೆ ದುಡ್ಡಿಲ್ಲ ಅನ್ನುವುದು ಪಾಲಿಸಿಯ ಹೊರಗಿಡುವ ಪಟ್ಟಿಯ 4ನೇ ಕೋಡ್. ನನ್ನ ಬಿಪಿ ಇಳಿದಿತ್ತು, ಸಲೈನ್ ಹಾಕಿದ್ದರು. ಅದೆಲ್ಲ ಎರಡನೇ ಪುಟದಲ್ಲಿತ್ತು. ಆಗ ನನಗೆ ಇದು ತಿಳಿಯದು, ಸುಮ್ನೆ ಬಿಟ್ಟುಬಿಟ್ಟೆ. ಇವತ್ತಾದರೆ ಬಿಡುತ್ತಿರಲಿಲ್ಲ.

ಇನ್ನು ಮಾತ್ರೆಗಳ ವಿಷಯ. ಈ ಕಾಯಿಲೆಗೇ ಅಂತ ಮಂಜೂರಾದ ಒಂದು ಔಷಧಿಯೂ ಇಲ್ಲ. ಒಂದೊಂದು ತೊಂದರೆಗೆ ಒಂದೊಂದು ಮಾತ್ರೆ ಕೊಡುತ್ತಾರೆ. ನನಗೆ ರಾತ್ರಿ ನೋವು ಮತ್ತು ನಿದ್ದೆಗೆ ಅಮಿಟ್ರಿಪ್ಟಿಲಿನ್ 10 ಎಂಜಿ. ನಿಂತಾಗ ಬರುವ ತಲೆಸುತ್ತಿಗೆ ಫ್ಲುಡ್ರೋಕಾರ್ಟಿಸೋನ್. ಇವನ್ನೆಲ್ಲ ಮನೆಯಲ್ಲೇ ಕೂತು ನುಂಗುವುದು. ನಮ್ಮ ಸಾಮಾನ್ಯ ಆರೋಗ್ಯ ವಿಮೆ ನಡೆಯುವುದು 24 ತಾಸಿನ ಅಡ್ಮಿಷನ್ ಲೆಕ್ಕದ ಮೇಲೆ. ಅಡ್ಮಿಟ್ ಆದರೆ ಹಿಂದಿನ, ಮುಂದಿನ ಕೆಲವು ದಿನದ ಔಷಧಿ ಬರುತ್ತದೆ. ಅಡ್ಮಿಟ್ ಆಗದಿದ್ದರೆ ಒಂದು ಮಾತ್ರೆಗೂ ಇಲ್ಲ. ಪಕ್ಕದ ಮನೆಯವರು ಆಯುಷ್ಮಾನ್ ಕಾರ್ಡ್ ಮಾಡಿಸಿ ಅಂದರು. ಅದೂ ಆಸ್ಪತ್ರೆಯ ಖರ್ಚಿಗೆ, ದಿನದ ಮಾತ್ರೆಗೆ ಅಲ್ಲ. ಹಾಗಾಗಿ ನನ್ನಂಥವರಿಗೆ ಉಳಿಯುವುದು ಒಪಿಡಿ ರೈಡರ್ ಒಂದೇ.

ನನ್ನ ರೈಡರ್‌ಗೆ ವರ್ಷಕ್ಕೆ 3,200, ಆಗಿನ ಜಿಎಸ್‌ಟಿ ಸೇರಿ 3,776 ಆಗುತ್ತಿತ್ತು. ಮಿತಿ 15,000. ಡಾಕ್ಟರ ಫೀ ಮತ್ತು ಔಷಧಿಯ ಬಿಲ್ಲಿನಲ್ಲಿ ನೂರಕ್ಕೆ 80 ಭಾಗ ಕೊಡುತ್ತಾರೆ. ಸೇರಿಸುವಾಗ ಕಾಯಿಲೆಯ ಹೆಸರು ಮುಚ್ಚಿಡದೆ ಬರೆದೆ. ಮೊದಲೇ ಇದ್ದ ಕಾಯಿಲೆ ಆದ್ದರಿಂದ ಅದರ ಬಿಲ್ಲು ಹಾಕಲು ಎರಡು ವರ್ಷ ಕಾಯಬೇಕಾಯಿತು. ಮುಚ್ಚಿಡಬೇಕಿತ್ತು ಅಂತ ಏಜೆಂಟರು ಬೇಜಾರು ಮಾಡಿಕೊಂಡರು. ನನಗೆ ಆ ಬಗ್ಗೆ ಇವತ್ತಿಗೂ ಬೇಜಾರಿಲ್ಲ, ಏಕೆಂದರೆ ಮುಂದೆ ಬಂದ ಜಗಳದಲ್ಲಿ ನನ್ನ ಕೈ ಹಿಡಿದದ್ದು ಆ ಅರ್ಜಿಯೇ.

2024ರ ಜೂನ್‌ನಿಂದ ಬಿಲ್ಲು ಹಾಕಲು ಶುರು ಮಾಡಿದೆ. ಮೊದಲ ಮೂರು ಕ್ಲೇಮ್ ಹತ್ತು ದಿನದೊಳಗೆ ಅಕೌಂಟಿಗೆ ಬಂದವು. ವಿಡಿಯೋ ಕಾಲಿನಲ್ಲಿ ನೋಡಿ ಕೊಟ್ಟ ಚೀಟಿಯನ್ನೂ ಒಪ್ಪಿದರು. ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಅಷ್ಟೇ. ಪ್ರತಿ ಸಲ ಹೈದರಾಬಾದಿಗೆ ಹೋಗಲಾಗದ ನನ್ನಂಥವರಿಗೆ ಇದು ದೊಡ್ಡ ಅನುಕೂಲ.

ಸೆಪ್ಟೆಂಬರ್‌ನಲ್ಲಿ ಡಾಕ್ಟರು ನಾಲ್ಟ್ರೆಕ್ಸೋನ್ ಅನ್ನುವ ಔಷಧಿಯನ್ನು ತೀರಾ ಸಣ್ಣ ಪ್ರಮಾಣದಲ್ಲಿ ನೋಡೋಣ ಅಂದರು. 50 ಎಂಜಿ ಮಾತ್ರೆಯನ್ನು ಕುಡಿತ ಬಿಡಿಸಲು ಕೊಡುತ್ತಾರೆ. ನನಗೆ ಬರೆದದ್ದು 1.5 ಎಂಜಿಯಿಂದ ಶುರುಮಾಡಿ 4.5 ಎಂಜಿ. ಅಷ್ಟು ಸಣ್ಣ ಪ್ರಮಾಣದ್ದನ್ನು ಬೇರೆಯಾಗಿ ತಯಾರು ಮಾಡಿಸಬೇಕು, ಹಾಗಾಗಿ ದುಬಾರಿ. ಇದರ ಮೇಲೆ ಇನ್ನೂ ಸಂಶೋಧನೆ ನಡೀತಿದೆ, ಗ್ಯಾರಂಟಿ ಇಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಆ ಬಿಲ್ಲಿಗೆ ಉತ್ತರ ಬಂದದ್ದು ಒಂದು ಶನಿವಾರ. ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಪಿಯುಸಿ ಓದುವ ಮಗಳು ಕವರ್ ಒಡೆದು ಜೋರಾಗಿ ಓದುತ್ತಾ ಕನ್ನಡದಲ್ಲಿ ಹೇಳುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿದಳು. 'ಅಮ್ಮಾ, ಇಲ್ಲಿ ಕುಡಿತದ ಚಟಕ್ಕೆ ಚಿಕಿತ್ಸೆ ಅಂತ ಯಾಕಿದೆ?' ಅಂದಳು. ಅತ್ತೆಯ ಕೈ ಮೊರದ ಮೇಲೆ ಹಾಗೇ ನಿಂತಿತು. ಕಾಗದ ಇಸಕೊಂಡು ನೋಡಿದೆ. ಹೊರಗಿಡುವ ಪಟ್ಟಿಯ 12ನೇ ಕೋಡ್. ಮದ್ಯ, ಮಾದಕ ವಸ್ತು, ಚಟ, ಅವುಗಳಿಂದಾದ ತೊಂದರೆ. ಔಷಧಿಯ ಹೆಸರು ನೋಡಿದ್ದಾರೆ, ಪ್ರಮಾಣ ನೋಡಿಲ್ಲ, ಚೀಟಿಯ ಮೇಲಿದ್ದ ಕಾಯಿಲೆಯ ಹೆಸರು ಓದಿಲ್ಲ. ಮೂರು ವರ್ಷದಿಂದ ಮೈಯಲ್ಲಿ ತ್ರಾಣ ಇಲ್ಲದೆ ಒದ್ದಾಡಿದವಳ ಮನೆಗೆ ಬರಬೇಕಾದ ಕಾಗದವಾ ಅದು? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದುಡ್ಡು ಬಿಟ್ಟರೂ ಆ ಮಾತು ಬಿಡಬಾರದು ಅಂತ ತೀರ್ಮಾನ ಮಾಡಿದೆ. ನಾಳೆ ಈ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿದರೆ (ಪೋರ್ಟ್ ಮಾಡಿದರೆ) ಹಳೆಯ ಕ್ಲೇಮುಗಳ ವಿವರ ಅಲ್ಲಿಗೂ ಹೋಗುತ್ತದೆ. ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿದೆ. ಅದರಲ್ಲಿ ಕಾಯಿಲೆಯ ಹೆಸರು, ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಕೋಡ್ ಜಿ93.3, ಔಷಧಿಯ ಪ್ರಮಾಣ ಚಟ ಬಿಡಿಸುವ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅನ್ನುವುದು, ರೋಗಿಗೆ ಯಾವ ಚಟವೂ ಇಲ್ಲ ಅನ್ನುವುದು, ಇಷ್ಟೂ ಇತ್ತು. ಜೊತೆಗೆ 2022ರ ಅರ್ಜಿಯ ಪ್ರತಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. 'ನಿರ್ಧಾರದಲ್ಲಿ ಬದಲಾವಣೆ ಇಲ್ಲ' ಅಂತ ಎರಡು ಸಾಲಿನ ಉತ್ತರ ಬಂತು. ಆಮೇಲೆ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಅದೂ ಆಗದಿದ್ದರೆ ವಿಮೆಯ ಜಗಳ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇತ್ತು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿತನಕ ಹೋಗಬೇಕಾಗಲಿಲ್ಲ. ಪೋರ್ಟಲ್‌ನಲ್ಲಿ ಹಾಕಿದ ಮೂರನೇ ವಾರ ಹೊಸ ಪತ್ರ ಬಂತು. 12ನೇ ಕೋಡ್ ತೆಗೆದಿದ್ದರು. ಅದರ ಬದಲು 16ನೇ ಕೋಡ್, ಅಂದರೆ ಸಾಕಷ್ಟು ವೈದ್ಯಕೀಯ ಪುರಾವೆ ಇಲ್ಲದ ಚಿಕಿತ್ಸೆ.

ಅದರ ದುಡ್ಡು ಬರಲಿಲ್ಲ. ಅದನ್ನು ಒಪ್ಪಿಕೊಂಡೆ. ಡಾಕ್ಟರೂ ಅದನ್ನೇ ಹೇಳಿದ್ದರಲ್ವಾ? ನನ್ನ ನೋವು ದುಡ್ಡಿನದಾಗಿರಲಿಲ್ಲ. ಮಗಳ ಕೈಗೆ ಹೊಸ ಪತ್ರ ಕೊಟ್ಟು ಅತ್ತೆಯ ಮುಂದೆ ಓದಿಸಿದೆ.

ಲೆಕ್ಕ ಬೇಕಾದವರಿಗೆ ಹೇಳುತ್ತೇನೆ. 2024ರ ಜೂನ್‌ನಿಂದ ಒಂದು ವರ್ಷದಲ್ಲಿ ಹಾಕಿದ ಬಿಲ್ಲು 21,300. ಅದರಲ್ಲಿ ನಾಲ್ಟ್ರೆಕ್ಸೋನ್‌ನ 6,900 ಹೋಯಿತು. ಉಳಿದ 14,400ಕ್ಕೆ 11,520 ಬಂತು. ಈ ವರ್ಷ ಇಲ್ಲಿತನಕ 5,640 ಬಂದಿದೆ. ನಾಲ್ಕು ಸಲ ಕಟ್ಟಿದ ರೈಡರ್ ಪ್ರೀಮಿಯಂ 15,104. ಅಂದರೆ ಕಾಯುವ ಎರಡು ವರ್ಷ ಸೇರಿಸಿದರೆ ಈಗಷ್ಟೇ ಸಮ ದಾಟಿದೆ. ಕಾಯಿಲೆ ಬರುವ ಮೊದಲೇ ರೈಡರ್ ತಗೊಂಡಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದಿದ್ದಾರೆ, ಅದು ನನಗೆ 2026ರ ಜೂನ್ ರಿನ್ಯೂವಲ್‌ನಿಂದ.

ಐದಕ್ಕೆ ಮೂರು ಕೊಡುತ್ತೇನೆ. ದುಡ್ಡು ಹಾಕುವುದರಲ್ಲಿ ಚುರುಕಾಗಿದ್ದಾರೆ, ಆದರೆ ಚೀಟಿ ಓದುವುದರಲ್ಲಿ ಅಸಡ್ಡೆ ಜಾಸ್ತಿ. ಹೊಸದಾಗಿ ತಗೊಳ್ಳುವವರು ಏಜೆಂಟರಿಗೆ ಮೂರು ಪ್ರಶ್ನೆ ಕೇಳಿ: ಒಪಿಡಿಯಲ್ಲಿ ಔಷಧಿ ಸೇರಿದೆಯಾ, ಬರೀ ಡಾಕ್ಟರ ಫೀ ಮಾತ್ರವಾ? ಹಳೆಯ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು? ತಿರಸ್ಕಾರ ಆದರೆ ಕಾರಣವನ್ನು ಕೋಡ್ ಸಮೇತ ಕೊಡುತ್ತಾರಾ? ಉತ್ತರವನ್ನು ಬರಹದಲ್ಲಿ ಇಸಕೊಳ್ಳಿ. ನಾನು ಈಗ ಪ್ರತಿ ಚೀಟಿ ತಗೊಳ್ಳುವಾಗ ಡಾಕ್ಟರಿಗೆ ಹೇಳುತ್ತೇನೆ, ಪ್ರತಿ ಮಾತ್ರೆಯ ಮುಂದೆ ಅದು ಯಾವ ತೊಂದರೆಗೆ ಅಂತ ಒಂದು ಪದ ಬರೆಯಿರಿ ಅಂತ. ಅವರು ಬೇಜಾರು ಮಾಡಿಕೊಳ್ಳದೆ ಬರೆದುಕೊಡುತ್ತಾರೆ.